ಹದಿನಾಲ್ಕು ದಿನದ ಟಾರ್ಗೆಟ್

ಟಾರ್ಗೆಟ್ಟಿಗೆ ಬೋನಸ್ ಗಂಟು ಹಾಕೋದು ನಮ್ಮ ಆಫೀಸುಗಳಲ್ಲಿ ಮಾಮೂಲು. ಆಸ್ಪತ್ರೆಯಲ್ಲಿ ಹಾಗೆ ಮಾಡಿದರೆ?

2011ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ, 14 ದಿನದೊಳಗೆ ಅಪಾಯಿಂಟ್‌ಮೆಂಟ್ ಸಿಗಬೇಕು ಅಂತ ಗುರಿ ಇಟ್ಟಿತು. ಅಧಿಕಾರಿಗಳ ಬೋನಸ್ಸಿಗೂ ಅದು ಅಳತೆಗೋಲಾಯ್ತು. ಡಾಕ್ಟರುಗಳು ಮಾತ್ರ ಸಾಲುತ್ತಿರಲಿಲ್ಲ.

2014ರಲ್ಲಿ ಫೀನಿಕ್ಸ್ ಆಸ್ಪತ್ರೆಯ ಗುಟ್ಟು ರಟ್ಟಾಯಿತು. ಮೊದಲ ಭೇಟಿಗೆ ಸರಾಸರಿ 24 ದಿನ ಅಂತಿತ್ತು ದಾಖಲೆ. ತನಿಖೆಯವರು 226 ಜನರ ಲೆಕ್ಕ ತೆಗೆದರೆ 115 ದಿನ! ಇನ್ನೂ 1,700 ಮಂದಿ ಅಧಿಕೃತ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ಭೇಟಿಯೇ ಆಗದವರು ತಜ್ಞರ ಬಾಗಿಲಿಗೆ ಹೋಗೋದು ಯಾವಾಗ?

ವಿಯೆಟ್ನಾಂ ಯುದ್ಧದಲ್ಲಿ ಸ್ವತಃ ಗಾಯಗೊಂಡಿದ್ದ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಈಗ ತಜ್ಞರಿಗಾಗಿ 28 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ, ಸರ್ಕಾರದ ಖರ್ಚಿನಲ್ಲಿ ಹೊರಗಿನ ಡಾಕ್ಟರರ ಹತ್ತಿರ ಹೋಗಬಹುದು.

ಕಾಯೋದನ್ನ ಕಮ್ಮಿ ಮಾಡೋದು ಕಷ್ಟ. ಕಮ್ಮಿ ಅಂತ ಬರೆಯೋದು ಸುಲಭ.