ಕಿಡಿಗೇಡಿಗಳ ಗೀರು: ಸ್ಪೋರ್ಟ್ಸ್ ಕಾರಿನ ಬಣ್ಣದ ದುರಸ್ತಿ ಹೇಗೆ?

ವಾಹನ ದಟ್ಟಣೆಯಲ್ಲಿ ಆಟೋರಿಕ್ಷಾ ಸವರಿಕೊಂಡು ಹೋದಾಗ ಕಾರಿನ ಮೇಲೆ ಬೀಳುವ ಗೀರಿಗೂ, ನಿಲ್ಲಿಸಿದ ಕಾರಿನ ಮೇಲೆ ಕಿಡಿಗೇಡಿಯೊಬ್ಬ ಬೀಗದ ಕೈಯಿಂದ ಎಳೆದ ಗೀರಿಗೂ ದುರಸ್ತಿಯ ದೃಷ್ಟಿಯಿಂದ ದೊಡ್ಡ ಅಂತರವಿದೆ. ಮೊದಲನೆಯದು ಅಗಲವಾಗಿದ್ದರೂ ಸಾಮಾನ್ಯವಾಗಿ ಒಂದು ಬಂಪರಿಗೋ ಒಂದು ಬಾಗಿಲಿಗೋ ಸೀಮಿತ. ಎರಡನೆಯದು ನಡೆಯುತ್ತ ಎಳೆದದ್ದು. ಮುಂದಿನ ಫೆಂಡರಿನಲ್ಲಿ ಆರಂಭವಾಗಿ ಬಾಗಿಲನ್ನು ದಾಟಿ ಹಿಂಬದಿಯ ದೀಪದವರೆಗೆ ಸಾಗುತ್ತದೆ. ಅದರ ಅಗಲ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆದರೆ ಆಳವಾದ ಗೀರಿಗೆ ಗೀರಿನಷ್ಟೇ ಜಾಗದಲ್ಲಿ ಬಣ್ಣ ಹಚ್ಚಿ ಮುಗಿಸಲು ಬರುವುದಿಲ್ಲ. ಬಾಗಿಲಿಗೆ ಬಾಗಿಲು, ಫೆಂಡರಿಗೆ ಫೆಂಡರು ಎಂಬಂತೆ ಇಡೀ ಭಾಗಕ್ಕೇ ಹಚ್ಚಬೇಕಾಗುತ್ತದೆ. ಹೀಗಾಗಿ ಕೂದಲೆಳೆಯಂಥ ಒಂದು ಗೆರೆ ಕಾರಿನ ಒಂದು ಪಾರ್ಶ್ವದ ಬಣ್ಣವನ್ನೇ ಬಲಿ ತೆಗೆದುಕೊಳ್ಳಬಲ್ಲದು.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಪ್ರಶ್ನೆ ಅಂದಕ್ಕಷ್ಟೇ ನಿಲ್ಲುವುದಿಲ್ಲ. ಇಂಥ ಕಾರುಗಳ ಮರುಮಾರಾಟದಲ್ಲಿ ಕಾರ್ಖಾನೆಯ ಮೂಲ ಬಣ್ಣಕ್ಕೆ ತನ್ನದೇ ಬೆಲೆಯುಂಟು. ಕೊಳ್ಳುವವರು ದಪ್ಪ ಅಳೆಯುವ ಪುಟ್ಟ ಉಪಕರಣವನ್ನು ಮೈಮೇಲೆಲ್ಲ ಇಟ್ಟು ನೋಡುತ್ತಾರೆ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಲಾಗುತ್ತದೆ. ಆಗ ಆಸನ, ತಂತಿ, ರಬ್ಬರುಗಳಾವುವೂ ಇನ್ನೂ ಕಾರಿಗೆ ಸೇರಿರುವುದಿಲ್ಲ. ಪೂರ್ಣಗೊಂಡ ಕಾರನ್ನು ಗ್ಯಾರೇಜಿನಲ್ಲಿ ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಷ್ಟೇ ಕಾಯಿಸಬಹುದು. ಆದ್ದರಿಂದ ಅಲ್ಲಿ ಬಳಸುವ ಬಣ್ಣವೂ ಬೇರೆ ಬಗೆಯದು. ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು. ಗೀರು ಕಂಡ ಕೂಡಲೇ ಪೂರ್ತಿ ಬಣ್ಣ ಹೊಡೆದುಬಿಡೋಣ ಎನ್ನುವ ಗ್ಯಾರೇಜಿಗಿಂತ, ಮೊದಲು ಅಳೆದು ನೋಡಿ ಮಾತನಾಡುವ ಗ್ಯಾರೇಜು ಮೇಲು.

ಕಾಗದದಷ್ಟು ದಪ್ಪ

ಇಂದಿನ ಕಾರಿನ ಬಣ್ಣ ನಾಲ್ಕು ಪದರಗಳ ಸಮೂಹ. ತಗಡಿಗೆ ಅಂಟಿಕೊಂಡಿರುವುದು ವಿದ್ಯುತ್ ಹಾಯಿಸಿ ಕೂರಿಸಿದ, ತುಕ್ಕು ತಡೆಯುವ ಲೇಪ. ಅದರ ಮೇಲೆ ಪ್ರೈಮರ್, ಅದರ ಮೇಲೆ ನಿಜವಾದ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಬರೆಯುವ ಕಾಗದದ ಒಂದೆರಡು ಹಾಳೆಗಳಿಗಿಂತ ಹೆಚ್ಚಲ್ಲ. ಇದರಲ್ಲಿ ಕಣ್ಣಿಗೆ ಕಾಣುವ ಬಣ್ಣದ ಪಾಲು 15-20 ಮೈಕ್ರಾನ್ ಮಾತ್ರ. ಹೊಳಪೆಲ್ಲ ಸುಮಾರು 40-50 ಮೈಕ್ರಾನ್ ದಪ್ಪದ ಕ್ಲಿಯರ್ ಕೋಟಿನದು.

ಹಿಂದೆ ಹೀಗಿರಲಿಲ್ಲ. 1920ರ ದಶಕದ ಆರಂಭದವರೆಗೂ ಕಾರಿಗೆ ವಾರ್ನಿಷ್ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಅಮೆರಿಕದ ಡ್ಯೂಪಾಂಟ್ ಕಂಪನಿಯ ‘ಡ್ಯೂಕೋ’ ಎಂಬ, ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ ಜನರಲ್ ಮೋಟಾರ್ಸ್‌ನ 1924ರ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡ ನಂತರ ಈ ಕಷ್ಟ ತಪ್ಪಿತು. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನವಾಗಿಟ್ಟುಕೊಂಡವರಿಗೆ ಈ ಚರಿತ್ರೆ ಇಂದಿಗೂ ಉಪಯುಕ್ತ. ಅಂಥ ಹಲವು ಕಾರುಗಳಿಗೆ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಮರೆಯಾದ ಜಾಗದಲ್ಲಿ ಬಿಳಿ ಬಟ್ಟೆಗೆ ಪಾಲಿಷ್ ಹಚ್ಚಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ, ಅದು ಒಂದೇ ಪದರದ ಹಳೆಯ ಬಗೆಯ ಬಣ್ಣವೆಂದು ತಿಳಿಯಬೇಕು. ಅಲ್ಲಿ ಪ್ರತಿ ಉಜ್ಜಿನಲ್ಲೂ ಸವೆಯುವುದು ಬಣ್ಣವೇ.

ಆಳವೇ ನಿರ್ಣಾಯಕ

ಮೊದಲು ಗೀರಿನ ಸುತ್ತಲ ಧೂಳನ್ನು ನೀರು ಹಾಯಿಸಿ ತೊಳೆಯಬೇಕು. ಒಣಬಟ್ಟೆಯಿಂದ ಒರೆಸಿದರೆ ಹಳೆಯ ಗೀರಿನ ಜೊತೆಗೆ ಹೊಸ ನೂರು ಗೀರುಗಳು ಸೇರುತ್ತವೆ. ತೊಳೆದ ಮೇಲೆ ಗೀರಿನ ಮೇಲೆ ನೀರು ನಿಂತಾಗ ಅದು ಕಣ್ಮರೆಯಾಗಿ, ಒಣಗಿದಾಗ ಮತ್ತೆ ಬೆಳ್ಳಗೆ ಕಂಡರೆ, ಪೆಟ್ಟು ಕ್ಲಿಯರ್ ಕೋಟಿನಲ್ಲೇ ನಿಂತಿದೆ ಎನ್ನಬಹುದು. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಪಾಲಿಷ್‌ನಿಂದ ಪೂರ್ತಿ ಹೋಗುವ ಸಂಭವ ಕಡಿಮೆ. ಗೀರಿನ ತಳದಲ್ಲಿ ಬೂದು ಬಣ್ಣ ಕಂಡರೆ ಸಾಮಾನ್ಯವಾಗಿ ಪ್ರೈಮರ್ ತಲುಪಿದೆ. ಲೋಹದ ಹೊಳಪು ಕಂಡರೆ ಎಲ್ಲ ಪದರಗಳೂ ಹರಿದಿವೆ. ಒಂದೇ ಗೀರು ಬಾಗಿಲಿನ ಮೇಲೆ ಆಳವಾಗಿ, ಹಿಂಬದಿಯಲ್ಲಿ ತೆಳುವಾಗಿ ಇರುವುದೂ ಸಾಮಾನ್ಯ. ಕಿಡಿಗೇಡಿಯ ಕೈಯ ಒತ್ತಡ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಒಂದು ಭಾಗಕ್ಕೆ ಪಾಲಿಷ್, ಇನ್ನೊಂದಕ್ಕೆ ಮರುಲೇಪನ ಎಂದು ಬೇರೆ ಬೇರೆಯಾಗಿ ತೀರ್ಮಾನಿಸಲು ಅವಕಾಶವಿದೆ. ಹಣ ಉಳಿಯುವುದು ಇಲ್ಲಿಯೇ.

ಕ್ಲಿಯರ್ ಕೋಟಿನ ಗೀರನ್ನು 2000 ಅಥವಾ 3000 ಸಂಖ್ಯೆಯ ನಯವಾದ ಉಪ್ಪುಕಾಗದಕ್ಕೆ ನೀರು ಹಚ್ಚಿ ಉಜ್ಜಿ, ಬಳಿಕ ಕಾಂಪೌಂಡ್ ಮತ್ತು ಪಾಲಿಷ್‌ನಿಂದ ಹೊಳಪು ತರುತ್ತಾರೆ. ಇಲ್ಲಿ ಗೀರು ತುಂಬಿಕೊಳ್ಳುವುದಿಲ್ಲ. ಸುತ್ತಲಿನ ಮೇಲ್ಮೈಯನ್ನು ಗೀರಿನ ಮಟ್ಟಕ್ಕೆ ಇಳಿಸಲಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಇರುವುದು ಈ ಕ್ಲಿಯರ್ ಕೋಟಿನಲ್ಲೇ. ಅದನ್ನು ಅತಿಯಾಗಿ ತೆಳುಗೊಳಿಸಿದರೆ ಅಂದು ಕಾರು ಮಿಂಚಿದರೂ, ಕೆಲವು ಬೇಸಿಗೆಗಳ ಬಳಿಕ ಅದೇ ಜಾಗ ಮಂಕಾಗಿ ಸಿಪ್ಪೆ ಏಳಬಹುದು. ಸ್ಪೋರ್ಟ್ಸ್ ಕಾರುಗಳ ಮೈಯಲ್ಲಿರುವ ಚೂಪಾದ ಮಡಿಕೆ ಹಾಗೂ ಅಂಚುಗಳ ಮೇಲೆ ಬಣ್ಣ ಮೊದಲೇ ತೆಳು. ಪಾಲಿಷ್ ಯಂತ್ರ ಅಲ್ಲಿ ಕೆಲವು ಕ್ಷಣ ನಿಂತರೂ ಬಣ್ಣ ಹಾರಿಹೋಗುತ್ತದೆ. ಅನುಭವಿಗಳು ಈ ಅಂಚುಗಳಿಗೆ ಟೇಪು ಅಂಟಿಸಿಯೇ ಯಂತ್ರ ಕೈಗೆತ್ತಿಕೊಳ್ಳುತ್ತಾರೆ.

ಕಾಯದ ಹಾನಿಗಳು

ಗೀರು ನಾಲ್ಕು ದಿನ ಕಾಯಬಲ್ಲದು. ಬ್ರೇಕ್ ಆಯಿಲ್ ಎರಚಿದ್ದರೆ ಕಾಯುವಂತಿಲ್ಲ. ಹೆಚ್ಚಿನ ಕಾರುಗಳಲ್ಲಿ ಬಳಸುವ ಡಾಟ್ 3 ಮತ್ತು ಡಾಟ್ 4 ದ್ರವಗಳಲ್ಲಿರುವ ಗ್ಲೈಕಾಲ್ ಈಥರ್ ಬಣ್ಣವನ್ನು ಮೆದುವಾಗಿಸಿ ಉಬ್ಬಿಸುತ್ತದೆ. ಅದೃಷ್ಟವಶಾತ್ ಅದು ನೀರಿನಲ್ಲಿ ಕರಗುತ್ತದೆ. ಬೇಗನೆ ಒಂದೆರಡು ಚಿತ್ರ ತೆಗೆದುಕೊಂಡು, ಒರೆಸಲು ಹೋಗದೆ, ಧಾರಾಳವಾಗಿ ನೀರು ಸುರಿಯುವುದೇ ಮೊದಲ ಚಿಕಿತ್ಸೆ. ಕೋಳಿಮೊಟ್ಟೆ ಎಸೆದಿದ್ದರೂ ವಿಳಂಬ ಸಲ್ಲ. ಒಣಗುತ್ತ ಬಿಗಿಯುವ ಲೋಳೆ ಬಣ್ಣಕ್ಕೆ ಕೇಡು, ಒಡೆದ ಚಿಪ್ಪು ಗೀರು ಬೇರೆ ಹಾಕುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆಯಬೇಕು. ಕುದಿನೀರು ಸುರಿದರೆ ಮೊಟ್ಟೆ ಬೆಂದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಸ್ಪ್ರೇ ಡಬ್ಬಿಯ ಬಣ್ಣದಿಂದ ಗೀಚಿದ್ದರೆ ನೋಟ ಭೀಕರವಾಗಿದ್ದರೂ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಕಾರಿನ ಗಟ್ಟಿ ಕ್ಲಿಯರ್ ಕೋಟಿಗಿಂತ ಡಬ್ಬಿಯ ಬಣ್ಣ ದುರ್ಬಲ. ಕ್ಲೇ ಬಾರ್ ಮತ್ತು ಸೌಮ್ಯ ದ್ರಾವಕದಿಂದ ತಾಳ್ಮೆಯಾಗಿ ಬಿಡಿಸಬಹುದು. ಗಾಬರಿಯಲ್ಲಿ ಥಿನ್ನರ್ ಸುರಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಲೋಹ ಕಂಡಾಗ

ಗೀರು ಲೋಹ ಮುಟ್ಟಿದ್ದರೆ ಮರುಲೇಪನ ಅನಿವಾರ್ಯ. ಗೀರಿನ ಎರಡೂ ಬದಿಯ ಪದರಗಳನ್ನು ಇಳಿಜಾರಾಗಿ ಉಜ್ಜಿ, ಲೋಹಕ್ಕೆ ಎಪಾಕ್ಸಿ ಪ್ರೈಮರ್ ಹಾಕಿ, ತಗ್ಗು ತುಂಬುವ ಪ್ರೈಮರ್ ಹೊಡೆದು, ಒಣಗಿದ ಮೇಲೆ ನಯಗೊಳಿಸಿ, ಬಣ್ಣ ಹಾಗೂ ಕ್ಲಿಯರ್ ಕೋಟ್ ಹಾಕುತ್ತಾರೆ. ಹೇಳಲು ಒಂದೇ ವಾಕ್ಯ. ಮಾಡಲು ದಿನಗಳೇ ಬೇಕು. ಒಂದು ಪದರದ ದ್ರಾವಕ ಪೂರ್ತಿ ಆರುವ ಮೊದಲೇ ಇನ್ನೊಂದು ಪದರ ಹೊಡೆದರೆ, ತಿಂಗಳುಗಳ ನಂತರ ಪ್ರೈಮರ್ ಕುಗ್ಗಿ ಉಜ್ಜಿದ ಗುರುತುಗಳು ಮೇಲಕ್ಕೆ ಮೂಡುತ್ತವೆ. ನಾಳೆಯೇ ಕಾರು ಬೇಕೆಂದು ಒತ್ತಾಯಿಸುವ ಮಾಲೀಕರು ಇದನ್ನು ತಿಳಿದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಕಠಿಣವಾದದ್ದು ಬಣ್ಣ ಹೊಂದಿಸುವುದು. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಅಡಿಯಲ್ಲೋ ಇರುವ ಫಲಕದಲ್ಲಿ ಬಣ್ಣದ ಸಂಕೇತ ಸಿಗುತ್ತದೆ. ಆದರೆ ಅದು ಹೊಸ ಕಾರಿನ ಬಣ್ಣ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರು ಅದರಿಂದ ತುಸು ದೂರ ಸರಿದಿರುತ್ತದೆ. ಮೆಟಾಲಿಕ್ ಬಣ್ಣವಾದರೆ ಇನ್ನೊಂದು ತೊಡಕು. ಅದರೊಳಗಿನ ಅಲ್ಯೂಮಿನಿಯಂ ಪುಡಿಯ ಹಳಕುಗಳು ಯಾವ ಕೋನದಲ್ಲಿ ಕೂರುತ್ತವೆ ಎಂಬುದರ ಮೇಲೆ ಬಣ್ಣದ ತಿಳಿ-ಗಾಢ ನಿರ್ಧಾರವಾಗುತ್ತದೆ. ಒಂದೇ ಡಬ್ಬಿಯ ಬಣ್ಣವನ್ನು ಒದ್ದೆಯಾಗಿ ಹೊಡೆದರೆ ಗಾಢವಾಗಿಯೂ, ಒಣದಾಗಿ ಹೊಡೆದರೆ ತಿಳಿಯಾಗಿಯೂ ಕಾಣುತ್ತದೆ. ಅದಕ್ಕಾಗಿ ಕುಶಲ ಪೇಂಟರುಗಳು ಮೊದಲು ತುಂಡು ತಗಡಿನ ಮೇಲೆ ಹೊಡೆದು ಬಿಸಿಲಿನಲ್ಲಿ ಹೋಲಿಸಿ ನೋಡುತ್ತಾರೆ. ಬಳಿಕವೂ ಬಣ್ಣವನ್ನು ಪಕ್ಕದ ಭಾಗದೊಳಕ್ಕೆ ಕ್ರಮೇಣ ತೆಳುವಾಗಿಸಿ ಕರಗಿಸುತ್ತಾರೆ. ಗೀರು ಬೀಳದ ಬಾಗಿಲಿಗೂ ಕ್ಲಿಯರ್ ಕೋಟಿನ ಬಿಲ್ಲು ಬಂದರೆ ಅದನ್ನು ಮೋಸವೆಂದು ಭಾವಿಸಬೇಕಿಲ್ಲ. ಮಾಜ್ದಾ ಎಂಎಕ್ಸ್-5ನಲ್ಲಿ ಬರುವ ‘ಸೋಲ್ ರೆಡ್’ನಂಥ ಬಣ್ಣಗಳಲ್ಲಿ ಪ್ರತಿಫಲಿಸುವ ಪದರದ ಮೇಲೆ ಅರೆಪಾರದರ್ಶಕ ಕೆಂಪು ಪದರವೂ ಇರುವುದರಿಂದ ಆ ಕೆಂಪು ತುಸು ದಪ್ಪವಾದರೂ ವ್ಯತ್ಯಾಸ ಎದ್ದು ಕಾಣುತ್ತದೆ.

ಮೈ ಯಾವುದರಿಂದ ಆಗಿದೆ ಎಂಬುದನ್ನೂ ಕೇಳಬೇಕು. 992 ಸರಣಿಯ ಪೋರ್ಷೆ 911ರ ಹೊರಮೈ, ಮುಂದಿನ ಹಾಗೂ ಹಿಂದಿನ ತುದಿಗಳನ್ನು ಬಿಟ್ಟರೆ, ಅಲ್ಯೂಮಿನಿಯಂನದು. ಉಕ್ಕನ್ನು ಉಜ್ಜಿದ ಸಲಕರಣೆಯನ್ನೇ ಅಲ್ಯೂಮಿನಿಯಂಗೆ ಬಳಸಿದರೆ ಉಕ್ಕಿನ ಕಣಗಳು ಅಂಟಿ ಮುಂದೆ ಬಣ್ಣದಡಿಯಲ್ಲಿ ಕೊರೆತ ಶುರುವಾಗುತ್ತದೆ. ಹಾಗಾಗಿ ಒಳ್ಳೆಯ ಗ್ಯಾರೇಜುಗಳಲ್ಲಿ ಅದಕ್ಕೆ ಪ್ರತ್ಯೇಕ ಸಲಕರಣೆಗಳಿರುತ್ತವೆ. 1953ರ ಮೊದಲ ಷೆವರ್ಲೆ ಕಾರ್ವೆಟ್, ಲೋಟಸ್ ಎಲೀಸ್, ಭಾರತದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್ ಇವೆಲ್ಲ ಫೈಬರ್‌ಗ್ಲಾಸ್ ಮೈಯವು. ಅಲ್ಲಿ ತುಕ್ಕಿನ ಭಯವಿಲ್ಲ, ಆದರೆ ಲೋಹದ ಮೇಲೆ ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಉಪಕರಣ ಅಲ್ಲಿ ಕೆಲಸಕ್ಕೆ ಬಾರದು. ಬಂಪರುಗಳು ಹೆಚ್ಚಾಗಿ ಪ್ಲಾಸ್ಟಿಕ್‌ನವು. ಬಣ್ಣ ಹಿಡಿಯಲು ಅವಕ್ಕೆ ಬೇರೆಯೇ ಅಂಟುಲೇಪ ಬೇಕು.

ಗಟ್ಟಿಯಾಗುವ ಇಂದಿನ ಕ್ಲಿಯರ್ ಕೋಟುಗಳಲ್ಲಿ ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಪೇಂಟರುಗಳಿಗೆ ಅಂಟುವ ಉದ್ಯೋಗಜನ್ಯ ಅಸ್ತಮಾಕ್ಕೆ ಇದು ಪ್ರಮುಖ ಕಾರಣವೆಂದು ವೈದ್ಯಲೋಕ ಬಹುಕಾಲದಿಂದ ಬಲ್ಲದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಶೆಡ್ಡಿನಲ್ಲಿ ಸ್ಪ್ರೇ ಮಾಡುವ ಹುಡುಗನಿಗೆ ಅದರಿಂದ ಯಾವ ರಕ್ಷಣೆಯೂ ಸಿಗದು; ಕೊಳವೆಯಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಬೇಕು. ಅಗ್ಗದ ದರಪಟ್ಟಿಯ ಹಿಂದೆ ಈ ಉಳಿತಾಯವೂ ಅಡಗಿರುವುದುಂಟು.

ದೂರು ಮತ್ತು ವಿಮೆ

ಕಾರನ್ನು ಗ್ಯಾರೇಜಿಗೆ ಒಯ್ಯುವ ಮೊದಲು ಚಿತ್ರ ತೆಗೆದು, ಸುತ್ತಲಿನ ಕ್ಯಾಮೆರಾಗಳ ದೃಶ್ಯ ಅಳಿಯುವ ಮುನ್ನ ಕೇಳಿ ಪಡೆಯಬೇಕು. 2025ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಾರುಗಳ ಮೇಲೆ ಸಿಟ್ಟಿನ ಗೀರುಗಳು ಬಿದ್ದಾಗ ಹಲವರು ಸಿಕ್ಕಿಬಿದ್ದದ್ದು ಆ ಕಾರುಗಳದ್ದೇ ಕ್ಯಾಮೆರಾಗಳಿಂದ.

ಭಾರತದಲ್ಲಿ ದುರಸ್ತಿಯ ಅಂದಾಜು ಪಟ್ಟಿಗೆ ಕಾನೂನಿನ ಮಹತ್ವವೂ ಇದೆ. ಹಳೆಯ ದಂಡ ಸಂಹಿತೆಯ 427ನೇ ಕಲಮಿನಲ್ಲಿ 50 ರೂಪಾಯಿ ಮೀರಿದ ಹಾನಿಗೆ ಎರಡು ವರ್ಷದವರೆಗೆ ಸಜೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಮೊತ್ತವನ್ನು ಪರಿಷ್ಕರಿಸಿದೆ. ಹಾನಿ 20 ಸಾವಿರದಿಂದ ಒಂದು ಲಕ್ಷ ರೂಪಾಯಿಯೊಳಗಿದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಐದು ವರ್ಷದವರೆಗೆ ಸಜೆ ವಿಧಿಸಬಹುದು. ದುಬಾರಿ ಕಾರಿನ ಒಂದು ಪಾರ್ಶ್ವದ ಬಣ್ಣ ಈ ಗಡಿ ದಾಟುವುದು ಕಷ್ಟವೇನಲ್ಲ. ಗೀರೆಳೆದವನಿಗೆ ಇದು ತಿಳಿದಿರುವ ಸಂಭವ ಕಡಿಮೆ.

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಬಿಡಿಗಾಸೂ ಸಿಗದು. ಸ್ವಂತ ಹಾನಿಯನ್ನೂ ಒಳಗೊಂಡ ಪಾಲಿಸಿಯಲ್ಲಿ ದುರುದ್ದೇಶದ ಕೃತ್ಯಕ್ಕೆ ರಕ್ಷಣೆಯಿದೆ. ಸಾಮಾನ್ಯ ಪಾಲಿಸಿಯ ಷರತ್ತಿನಂತೆ ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಸಾಮಗ್ರಿ ಮತ್ತು ಕೂಲಿಯನ್ನು ಬೇರ್ಪಡಿಸದ ಬಿಲ್ಲಿನಲ್ಲಿ ಶೇ. 25ನ್ನು ಸಾಮಗ್ರಿಯೆಂದು ಪರಿಗಣಿಸಲಾಗುತ್ತದೆ. ಹೀಗೆ 80 ಸಾವಿರದ ಒಟ್ಟು ಬಿಲ್ಲಿನಲ್ಲಿ 20 ಸಾವಿರ ಸಾಮಗ್ರಿ, ಅದರ ಅರ್ಧ 10 ಸಾವಿರ ಕಡಿತ. 1500 ಸಿಸಿ ಮೀರಿದ ಕಾರಿಗೆ ಕಡ್ಡಾಯವಾದ 2 ಸಾವಿರ ಕಳೆದರೆ ಕೈಗೆ ಬರುವುದು 68 ಸಾವಿರ. ಸವಕಳಿ ರಹಿತ ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ಮೊದಲ ಕಡಿತ ಇರುವುದಿಲ್ಲ. ಆದರೆ ಕ್ಲೇಮು ಮಾಡಿದರೆ ಶೇ. 50ರವರೆಗೆ ಬೆಳೆದಿರಬಹುದಾದ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಕೈಬಿಡುತ್ತದೆ. ಪಾಲಿಷ್‌ನಿಂದ ಹೋಗುವ ಗೀರಿಗೆ ಕ್ಲೇಮು ಹಾಕುವುದು ನಷ್ಟದ ಬಾಬತ್ತು. ಸರ್ವೇಯರ್ ನೋಡುವ ಮುನ್ನ ದುರಸ್ತಿ ಆರಂಭಿಸಬಾರದು.

ಮುನ್ನೆಚ್ಚರಿಕೆಯಾಗಿ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸುವ ಪದ್ಧತಿ ಹಬ್ಬಿದೆ. ಇದರ ಮೂಲ ವಿಯೆಟ್ನಾಂ ಯುದ್ಧಕಾಲದ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳಲ್ಲಿದೆ. ಸುಮಾರು 200 ಮೈಕ್ರಾನ್ ದಪ್ಪದ ಫಿಲ್ಮ್ ಹಗುರ ಗೀರನ್ನು ತಾನೇ ನುಂಗುತ್ತದೆ. ಒತ್ತಿ ಎಳೆದರೆ ಹರಿಯುವುದಾದರೂ ಹರಿದ ತುಂಡನ್ನು ಬದಲಿಸಬಹುದು. ಸೆರಾಮಿಕ್ ಕೋಟಿಂಗ್ ನೀರು, ಕೊಳೆಗೆ ಒಳ್ಳೆಯದು. ಬೀಗದ ಕೈಯನ್ನು ತಡೆಯುವಷ್ಟು ದಪ್ಪ ಅದಕ್ಕಿಲ್ಲ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಮಾತ್ರ ಕೂಡಲೇ ಫಿಲ್ಮ್ ಅಥವಾ ಮೇಣ ಸಲ್ಲದು. ದ್ರಾವಕ ಪೂರ್ತಿ ಹೊರಹೋಗಲು ಬಣ್ಣ ತಯಾರಕರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ತಿಂಗಳು, ಬಿಟ್ಟು ಅಂಟಿಸಬೇಕು. ಅಲ್ಲಿಯವರೆಗೆ ಬರೀ ನೀರು, ಮೆದುಬಟ್ಟೆ, ನೆರಳು ಸಾಕು.