ಕೊಲ್ಲೂರು ಘಟ್ಟವೂ ಕೆನರಾದ ಮೆಣಸಿನ ವ್ಯಾಪಾರವೂ

ಪೋರ್ತುಗೀಜರ ದಾಖಲೆಗಳಲ್ಲಿ ಕೆನರಾದ ಮೆಣಸಿನ ಪ್ರಸ್ತಾಪವು ಮತ್ತೆ ಮತ್ತೆ ಬರುವುದು. ಬಸರೂರು, ಹೊನ್ನಾವರ, ಮಂಗಳೂರುಗಳಲ್ಲಿ ಹಡಗೇರಿ ಗೋವೆಗೂ ಅಲ್ಲಿಂದ ಲಿಸ್ಬನ್ನಿಗೂ ಹೋದ ಸರಕಿಗೆ ಕರಾವಳಿಯ ಹೆಸರೇ ಸಂದಿತು. ಆದರೆ ಬಂದರಿನಲ್ಲಿ ಮೆಣಸು ಬೆಳೆಯುವುದಿಲ್ಲ. ಆ ಬಳ್ಳಿಯ ನೆಲೆ ಘಟ್ಟದ ತಪ್ಪಲಿನ ತೋಟಗಳು ಮತ್ತು ಮಲೆನಾಡಿನ ಅಡಕೆಯ ಮರಗಳು. ತೋಟಕ್ಕೂ ಬಂದರಿಗೂ ನಡುವಣ ದಾರಿಯನ್ನು ಗಮನಿಸದೆ, ಸಮುದ್ರದ ಕಡೆಯಿಂದ ಮಾತ್ರ ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ.

ಕೊಲ್ಲೂರು ಅಂತಹ ದಾರಿಯೊಂದರ ಬುಡದಲ್ಲಿದೆ. ಕೊಡಚಾದ್ರಿಯ ತಪ್ಪಲಿನ ಈ ಕ್ಷೇತ್ರದಿಂದ ಘಟ್ಟವನ್ನೇರಿದರೆ ನಿಟ್ಟೂರಿನ ಮೂಲಕ ನಗರ, ಅಂದರೆ ಕೆಳದಿಯ ಅರಸರ ಬಿದನೂರು. ಪಶ್ಚಿಮಕ್ಕೆ ಸೌಪರ್ಣಿಕೆಯು ಹರಿದು ಗಂಗೊಳ್ಳಿಯ ಅಳಿವೆಯನ್ನು ಸೇರುವುದು. ಮೂಕಾಂಬಿಕೆಯ ದರ್ಶನಕ್ಕೆ ಬರುವವರಲ್ಲಿ ಈ ಹಾದಿಯ ಇನ್ನೊಂದು ಪ್ರಯೋಜನವನ್ನು ನೆನೆಯುವವರು ವಿರಳ. ದಕ್ಷಿಣದ ಹೊಸಂಗಡಿ ಘಟ್ಟವೂ ಬಿದನೂರನ್ನು ಕುಂದಾಪುರ, ಬಸರೂರುಗಳಿಗೆ ಜೋಡಿಸಿತ್ತು.

1568-69ರಲ್ಲಿ ಪೋರ್ತುಗೀಜರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿದರು. ಅಳಿವೆಗಳು ಅವರ ಕೈಸೇರಿದವು, ತೋಟಗಳು ಸೇರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದುದರಿಂದಲೇ ಒಡೆತನ ಯಾರದೆಂಬುದು ವ್ಯಕ್ತ. ಆಕೆಯ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. 1623ರಲ್ಲಿ ಗೋವೆಯ ರಾಯಭಾರಿಯೊಬ್ಬನು ಇಕ್ಕೇರಿಗೆ ಹೊರಟಾಗ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಜೊತೆಗಿದ್ದನು. ಅವರು ಹಿಡಿದುದು ಗೇರುಸೊಪ್ಪೆಯ ಕಡೆಯ ದಾರಿ. ಕೋಟೆಗಳಿದ್ದೂ ಕೊಳ್ಳುವವನೇ ಘಟ್ಟ ಹತ್ತಬೇಕಾಗಿ ಬಂದುದು, ನನ್ನ ದೃಷ್ಟಿಯಲ್ಲಿ, ಯಾವ ಕರಾರುಪತ್ರಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯ.

ಋತುಮಾನವೂ ಅರಸನ ಪಕ್ಷದಲ್ಲಿಯೇ ಇದ್ದಿತು. ಮೆಣಸು ಕೊಯ್ಲಿಗೆ ಬರುವುದು ಕರಾವಳಿಯಲ್ಲಿ ಡಿಸೆಂಬರಿನ ವೇಳೆಗೆ, ಘಟ್ಟದ ಮೇಲೆ ಇನ್ನೂ ತಡವಾಗಿ. ಅದನ್ನು ಒಣಗಿಸಬೇಕು, ಹೇರೆತ್ತುಗಳ ಮೇಲೆ ಇಳಿಸಬೇಕು. ಲಿಸ್ಬನ್ನಿನ ಹಡಗುಗಳಾದರೋ ಸಾಮಾನ್ಯವಾಗಿ ಡಿಸೆಂಬರ್, ಜನವರಿಗಳಲ್ಲಿಯೇ ಹೊರಡಬೇಕಾಗಿದ್ದಿತು. ಆದುದರಿಂದ ಅವರು ಬಹುಮಟ್ಟಿಗೆ ಹಿಂದಿನ ವರ್ಷದ ದಾಸ್ತಾನನ್ನೇ ನೆಚ್ಚಬೇಕು. ದಾಸ್ತಾನುಳ್ಳವನು ಕಾಯಬಲ್ಲ, ಹಡಗು ಕಾಯಲಾರದು. ಬೆಲೆಯ ಚೌಕಾಸಿಯಲ್ಲಿ ಫಿರಂಗಿಗಳಿಗಿಂತ ಇದು ಹೆಚ್ಚು ಕೆಲಸ ಮಾಡಿರಬೇಕು. ಈ ಲಾಭದಲ್ಲಿ ಬಳ್ಳಿಯನ್ನು ಹಬ್ಬಿಸಿದ ತೋಟಗಾರನ ಪಾಲೆಷ್ಟೆಂಬುದನ್ನು ಮಾತ್ರ ಹಡಗಿನ ಲೆಕ್ಕಗಳು ಹೇಳುವುದಿಲ್ಲ. ಅದನ್ನು ಶಿವಪ್ಪ ನಾಯಕನ ಶಿಸ್ತಿನ ಕಂದಾಯದ ಕ್ರಮದಲ್ಲಿ ಹುಡುಕಬೇಕು.

ಅದೇ ಶಿವಪ್ಪ ನಾಯಕನು 1652-54ರಲ್ಲಿ ಕರಾವಳಿಯ ಕೋಟೆಗಳನ್ನು ಗೆದ್ದುಕೊಂಡನು. 1671ರ ಒಪ್ಪಂದದಂತೆ ಪೋರ್ತುಗೀಜರು ಮರಳಿದಾಗ ಅವರಿಗೆ ದೊರೆತುದು ವ್ಯಾಪಾರದ ಕೋಠಿಗಳು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು; ಘಟ್ಟದ ಕೆಳಗಿನ ಬಂದರುಗಳೂ ಅದರ ಬೆನ್ನಿಗೇ ಅವನ ಅಧೀನವಾದವು.