ಗಣಿತಸಾರಸಂಗ್ರಹವೂ ರಾಯಚೂರು ಸೀಮೆಯ ಪಾಠಶಾಲೆಯೂ

ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದ ಕಾಲದಲ್ಲಿ ಹುಟ್ಟಿದ ಎರಡು ಶಾಸ್ತ್ರಗ್ರಂಥಗಳಲ್ಲಿ ಒಂದನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಇನ್ನೊಂದನ್ನು ಬಲ್ಲವರು ವಿರಳ. ಮೊದಲನೆಯದು ‘ಕವಿರಾಜಮಾರ್ಗ’. ಎರಡನೆಯದು ದಿಗಂಬರ ಜೈನ ಪರಂಪರೆಯ ಮಹಾವೀರಾಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಎಲ್ಲೆಗಳಲ್ಲೊಂದೆಂದು ಹೆಸರಿಸಿದ ಕೊಪಣವು ಇಂದಿನ ಕೊಪ್ಪಳ. 1997ರವರೆಗೂ ಅದು ರಾಯಚೂರು ಜಿಲ್ಲೆಯ ಒಳಗೇ ಇತ್ತು. ಈ ರಾಜಧಾನಿಗೂ ಈ ಜೈನತೀರ್ಥಕ್ಕೂ ನಡುವೆ ಹರಡಿರುವ ನೆಲವೇ ದೇವದುರ್ಗ, ಮಾನ್ವಿ, ರಾಯಚೂರು.

ಈ ನೆಲದ ಇಂದಿನ ಸ್ಥಿತಿಯನ್ನು ಮರೆತು ಹಿಂದಿನ ವೈಭವವನ್ನಷ್ಟೇ ಹೇಳುವುದು ಉಚಿತವಲ್ಲ. 2002ರಲ್ಲಿ ವರದಿಯೊಪ್ಪಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗ, ಮಾನ್ವಿಗಳೆರಡನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಿರಲಿಲ್ಲ. ಅದೇ ಜಿಲ್ಲೆಯಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ, ಹಟ್ಟಿಯ ಚಿನ್ನದ ಗಣಿಯಿದೆ, ಕೃಷಿ ವಿಶ್ವವಿದ್ಯಾಲಯವಿದೆ, 2019ರಿಂದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಇದೆ. ಊರ ಮಕ್ಕಳು ಈ ಬಾಗಿಲುಗಳನ್ನು ದಾಟಿ ಒಳಹೋಗುವರೋ, ಹೊರಗೆ ನಿಂತು ಕಾವಲು ಕಾಯುವರೋ ಎಂಬುದು ಬಹುಮಟ್ಟಿಗೆ ಐದರಿಂದ ಹತ್ತನೆಯ ತರಗತಿಯೊಳಗಿನ ಗಣಿತ–ವಿಜ್ಞಾನಗಳ ಪಾಠದಲ್ಲಿ ತೀರ್ಮಾನವಾಗುತ್ತದೆ. ಆ ವಯಸ್ಸಿನ ಮಗುವಿಗೆ ಲೆಕ್ಕವನ್ನು ರುಚಿಸುವಂತೆ ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಮಹಾವೀರಾಚಾರ್ಯರಲ್ಲಿ ಉತ್ತರವಿದೆ.

ಸಾವಿರದ ನೂರಕ್ಕೂ ಮಿಕ್ಕ ಪದ್ಯಗಳ ಈ ಗ್ರಂಥದ ಆರಂಭದಲ್ಲಿಯೇ ಆಚಾರ್ಯರು ಗಣಿತದ ವ್ಯಾಪ್ತಿಯನ್ನು ಹೇಳುತ್ತಾರೆ. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳೆಲ್ಲಕ್ಕೂ ಎಣಿಕೆ ಬೇಕು. ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಛಂದಸ್ಸಿಗೆ, ವ್ಯಾಕರಣಕ್ಕೆ ಕೂಡ ಬೇಕು. ಲಘು–ಗುರುಗಳ ಪ್ರಸ್ತಾರ ಹಾಕಿದ ಯಾವ ಸಾಹಿತ್ಯ ವಿದ್ಯಾರ್ಥಿಯೂ ಇದನ್ನು ಅಲ್ಲಗಳೆಯಲಾರ. ಜೈನರಿಗೆ ಲೋಕದ ಆಕಾರ–ಪರಿಮಾಣಗಳ ವಿಚಾರ ಕರಣಾನುಯೋಗಕ್ಕೆ ಸೇರಿದ್ದರಿಂದ ಗಣಿತವು ಧರ್ಮಾಧ್ಯಯನದ ಹೊರಗಿನದಾಗಿರಲಿಲ್ಲ.

ಆದರೆ ಗ್ರಂಥದ ಜೀವ ಇರುವುದು ಉದಾಹರಣೆಗಳಲ್ಲಿ. ಭಿನ್ನರಾಶಿಯ ಲೆಕ್ಕವೊಂದರಲ್ಲಿ ಪ್ರಣಯಕಲಹದಿಂದ ಹರಿದ ಹಾರದ ಮುತ್ತುಗಳು ಚೆಲ್ಲಾಡುತ್ತವೆ. ಎಷ್ಟಿದ್ದವೆಂದು ಓದುಗ ಹೇಳಬೇಕು. ದಾರಿಯಲ್ಲಿ ಬಿದ್ದ ಹಣದ ಚೀಲದ ಲೆಕ್ಕ ಇನ್ನೂ ಸೊಗಸು. ಮೂವರು ವರ್ತಕರು ಅದನ್ನು ಕಾಣುತ್ತಾರೆ. ಚೀಲ ತನಗೆ ದಕ್ಕಿದರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನಲ್ಲಿರುವುದೆಂದು ಮೊದಲನೆಯವನು ಹೇಳಿದರೆ, ಎರಡನೆಯವನು ಮೂರರಷ್ಟೆನ್ನುತ್ತಾನೆ, ಮೂರನೆಯವನು ಐದರಷ್ಟೆನ್ನುತ್ತಾನೆ. ವರ್ತಕರಲ್ಲಿ ಕ್ರಮವಾಗಿ 1, 3, 5 ನಾಣ್ಯಗಳಿದ್ದು ಚೀಲದಲ್ಲಿ 15 ಇದ್ದರೆ ಮೂರು ಮಾತುಗಳೂ ನಿಜವಾಗುತ್ತವೆ: 16 ಎಂಬುದು 8ರ ಎರಡರಷ್ಟು, 18 ಎಂಬುದು 6ರ ಮೂರರಷ್ಟು, 20 ಎಂಬುದು 4ರ ಐದರಷ್ಟು. ಎಲ್ಲವನ್ನೂ ಇಮ್ಮಡಿಸಿದರೂ ಉತ್ತರ ಸರಿಯೇ. ಒಂದು ಲೆಕ್ಕಕ್ಕೆ ಒಂದೇ ಉತ್ತರವೆಂದು ನಂಬಿದ ಮಗುವಿಗೆ ಇದೊಂದು ಬೆರಗು. ಗುಣಾಕಾರದಲ್ಲಿಯೂ ಆಚಾರ್ಯರು ಇಂಥ ಬೆರಗನ್ನು ಇಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಇಂಥ ಸಂಖ್ಯೆಗಳನ್ನು ಅವರು ಕೊರಳ ಆಭರಣಕ್ಕೆ ಹೋಲಿಸುತ್ತಾರೆ. ಮಗ್ಗಿಯನ್ನು ಶಿಕ್ಷೆಯಾಗಿಸದ ಗುರು ಹೀಗೆ ಬರೆಯಬಲ್ಲ.

ಶೂನ್ಯದಿಂದ ಭಾಗಿಸಿದರೂ ಸಂಖ್ಯೆ ಬದಲಾಗದೆಂದು ಅವರು ಹೇಳಿದ್ದು ದೋಷವೇ ಸರಿ. ಅಭಿಮಾನದಿಂದ ಅದನ್ನು ಮುಚ್ಚಿಡಬೇಕಾಗಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದವರೂ ಅವರೇ. ಎರಡನ್ನೂ ತರಗತಿಯಲ್ಲಿ ಚರ್ಚೆಗಿಟ್ಟರೆ ಶಾಸ್ತ್ರವು ಬೆಳೆಯುವ ಬಗೆ ಮಕ್ಕಳಿಗೆ ತಿಳಿದೀತು.

ಮಿಶ್ರಕವ್ಯವಹಾರವು ಬಡ್ಡಿಯ ಲೆಕ್ಕವನ್ನೂ ಖಾತವ್ಯವಹಾರವು ಅಗೆದ ಮಣ್ಣಿನ ಘನಫಲವನ್ನೂ ಕಲಿಸುತ್ತವೆ. ಸಾಲ ತೀರಿಸಲೆಂದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಮಗುವಿಗೆ ಈ ಎರಡೂ ಮನೆಯ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಹೊಲ, ರಾಯಚೂರಿನ ಹತ್ತಿ ಮಾರುಕಟ್ಟೆಯ ತೂಕ, ಇವೆಲ್ಲ ಲೆಕ್ಕಗಳಾಗಲು ಕಾದಿವೆ. ಕೊನೆಯ ಅಧ್ಯಾಯವಾದ ಛಾಯಾವ್ಯವಹಾರಕ್ಕೆ ಬೇಕಾದ ಸಲಕರಣೆ ಒಂದು ಕೋಲು ಮತ್ತು ಬಿಸಿಲು. ಈ ಸೀಮೆಯಲ್ಲಿ ಎರಡನೆಯದಕ್ಕೆ ಬರವಿಲ್ಲ.

ಇಂಥ ಪರಂಪರೆ ಜನರ ನುಡಿಗೆ ಇಳಿಯಲಿಲ್ಲವೆಂದಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ರಚಿಸಿದನು. ಗಬ್ಬೂರಿನಂಥ ಊರುಗಳ ಶಾಸನಗಳನ್ನು ಓದುವವರಿಗೆ ಮತ್ತರು, ಗದ್ಯಾಣಗಳ ಲೆಕ್ಕವು ಅಂದಿನ ಸಾಮಾನ್ಯ ವ್ಯವಹಾರವಾಗಿತ್ತೆಂಬುದು ಗೊತ್ತು. ಎಳೆ ಕಡಿದದ್ದು ಬಹಳ ಈಚೆಗೆ. ನಿಜಾಮರ ಆಡಳಿತದಲ್ಲಿ ಮೇಲಿನ ಶಿಕ್ಷಣದ ಭಾಷೆ ಉರ್ದುವಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸಿದ್ದು ದೊಡ್ಡ ಸಾಧನೆ, ನಿಜ. ಆದರೆ ಅದು ರಾಯಚೂರಿನ ಕನ್ನಡ ಮಗುವಿನ ಭಾಷೆಯಾಗಿರಲಿಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯನ್ನು ಈ ಹಿನ್ನೆಲೆಯಲ್ಲಿಯೇ ನೆನೆಯಬೇಕು.

ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಹೊರಜಗತ್ತಿಗೆ ಅದರ ಪರಿಚಯವಾಯಿತು. ಕನ್ನಡಿಗರು ಮತ್ತೂ ಕಾಯಬೇಕಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ ಹೊರಬಂದಿತು. ಮೂಲಶ್ಲೋಕ, ಇಂಗ್ಲಿಷ್, ಕನ್ನಡ ಮೂರೂ ಒಂದೇ ಸಂಪುಟದಲ್ಲಿವೆ. ದೇವದುರ್ಗದ ಶಿಕ್ಷಕರೊಬ್ಬರು ವರ್ತಕರ ಚೀಲವನ್ನು ಹತ್ತಿ ಮೂಟೆಯಾಗಿ ಬದಲಿಸಿ ಕರಿಹಲಗೆಯ ಮೇಲೆ ಬರೆಯಲು ಅಷ್ಟು ಸಾಕು.